ಮೇಪಲ್ ಕೊಂಬೆಯ ಗೂಡನ್ನು ಮನೆಯೊಳಗೆ ಇಡಬಹುದಾ?

ಪ್ರಶ್ನೆ: ಮೇಡಂ, ನಮಸ್ತೆ. ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಹೊಸ ವರ್ಷದ ಹೊತ್ತಿಗೆ ಹಿಮ ಬಿದ್ದು ಹಿತ್ತಿಲಿನ ಮೇಪಲ್ ಮರದ ಕೊಂಬೆ ಮುರಿಯಿತು. ಅದಕ್ಕೆ ಬೆರಳುದ್ದದ ಕಂದು ಗೂಡೊಂದು ಅಂಟಿಕೊಂಡಿತ್ತು. ಎಂಟು ವರ್ಷದ ಮಗಳು ಅದನ್ನು ಒಳಗೆ ತಂದು ಕಪಾಟಿನ ಮೇಲೆ ಇಟ್ಟಿದ್ದಾಳೆ. ಎರಡು ವಾರವಾಯ್ತು, ಏನೂ ಆಗಿಲ್ಲ. ನನ್ನ ತವರು ಶಿಡ್ಲಘಟ್ಟದ ಪಕ್ಕದ ಹಳ್ಳಿ, ಹುಳು ಮೇಯಿಸುವ ಮನೆ. ನಮ್ಮಲ್ಲಿ ಗೂಡು ಕಟ್ಟಿದ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಹೊರಗೆ ಬಂದುಬಿಡುತ್ತದೆ. ಇದು ಸತ್ತಿದೆಯಾ? ಕತ್ತರಿಸಿ ನೋಡಲಾ? ಪಕ್ಕದ ಮನೆಯವರು ಇದು ಮರ ಬೋಳಿಸುವ ಹುಳು, ಬಿಸಾಡಿ ಅನ್ನುತ್ತಾರೆ. ಅತ್ತೆ ಫೋನಿನಲ್ಲಿ, ರೆಕ್ಕೆಯ ಪುಡಿ ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತೆ, ಮಗುವಿನ ಕೈಗೆ ಕೊಡಬೇಡ ಅಂದರು. ಅಪ್ಪ ಮಾತ್ರ ಫೋಟೊ ನೋಡಿ ಖುಷಿಪಟ್ಟರು. ಇಷ್ಟು ದೊಡ್ಡ ಗೂಡಿನಲ್ಲಿ ಎಷ್ಟು ನೂಲು ಬರಬಹುದು, ಬೇಸಿಗೆಯಲ್ಲಿ ಬರುವಾಗ ನಾಲ್ಕು ಮೊಟ್ಟೆ ತರ್ತೀಯಾ ಎಂದು ಕೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಇದನ್ನು ಪೂರ್ತಿ ಓದುವ ಮುಂಚೆ ಒಂದು ಕೆಲಸ ಮಾಡಿ. ಗೂಡನ್ನು ಕೊಂಬೆಯ ಸಮೇತ ಹೀಟರ್ ಇಲ್ಲದ ಜಾಗಕ್ಕೆ ಸಾಗಿಸಿ. ಗ್ಯಾರೇಜ್ ಇದ್ದರೆ ಸಾಕು. ಒಂದೆರಡು ದಿನ ಅಲ್ಲಿರಲಿ, ಆಮೇಲೆ ಹೊರಗಿಡುವ ಮಾತು. ಕತ್ತರಿ ಮಾತ್ರ ಮುಟ್ಟಬೇಡಿ.

ನೀವು ಕಳಿಸಿದ ಫೋಟೊಗಳಲ್ಲಿ ಗೂಡು ಕೊಂಬೆಯ ಉದ್ದಕ್ಕೂ ಬೆನ್ನು ಅಂಟಿಸಿಕೊಂಡು ಕೂತಿದೆ. ಎರಡೂ ತುದಿ ಚೂಪು, ನಡು ಉಬ್ಬು, ಒಣಗಿದ ಎಲೆಯ ಬಣ್ಣ. ಇದು ಸೆಕ್ರೋಪಿಯಾ ಪತಂಗದ ಗೂಡು. ವಿಜ್ಞಾನದ ಹೆಸರು ಹೈಯಲೋಫೊರಾ ಸೆಕ್ರೋಪಿಯಾ. ಉತ್ತರ ಅಮೆರಿಕದ ಸ್ಥಳೀಯ ಪತಂಗಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ರಾಕಿ ಪರ್ವತಗಳಿಂದ ಪೂರ್ವಕ್ಕೆ, ಕೆನಡಾದ ದಕ್ಷಿಣ ಭಾಗದಿಂದ ಫ್ಲಾರಿಡಾದವರೆಗೂ ಇದೆ. ಪಾಲಿಫೀಮಸ್ ಪತಂಗದ ಗೂಡು ಮೊಟ್ಟೆಯ ಆಕಾರ, ಎಷ್ಟೋ ಸಲ ಎಲೆಯ ಜೊತೆ ನೆಲಕ್ಕೆ ಉದುರುತ್ತದೆ. ಲೂನಾ ಪತಂಗದ ಗೂಡು ತೆಳ್ಳಗೆ, ನೆಲದ ತರಗೆಲೆಯೊಳಗೆ ಇರುತ್ತದೆ. ಹೀಗೆ ಕೊಂಬೆಗೇ ಉದ್ದಕ್ಕೆ ಹೊಲಿದಂತೆ ಕೂರುವುದು ಸೆಕ್ರೋಪಿಯಾದ ರೀತಿ.

ನಾನು ಓದಿದ್ದು ರೇಷ್ಮೆಹುಳುವಿನ ಮೇಲೆ. ಕೆಲಸ ಮಾಡಿದ್ದು ಜಾಸ್ತಿ ಅಮೆರಿಕದ ಕಾಡು ಪತಂಗಗಳ ಜೊತೆ. ಹಾಗಾಗಿ ನಿಮ್ಮ ಗೊಂದಲ ಎಲ್ಲಿಂದ ಹುಟ್ಟಿತು ಎಂದು ನನಗೆ ಚೆನ್ನಾಗಿ ಗೊತ್ತು. ನೀವು ಬೆಳೆದ ಮನೆಯಲ್ಲಿ ಎಲ್ಲವೂ ಬೇಗ. ಮೊಟ್ಟೆ, ಚಾಕಿ ಅನ್ನುವ ಎಳೆ ಹುಳು, ನಾಲ್ಕು ಜ್ವರ ಅಂದರೆ ಪೊರೆ ಕಳಚುವ ನಾಲ್ಕು ಸರದಿ, ಹಣ್ಣಾದ ಹುಳು, ಗೂಡು ಕಟ್ಟಿಸುವ ಚಂದ್ರಿಕೆ, ಗೂಡು, ಮಾರುಕಟ್ಟೆ. ಒಂದು ತಿಂಗಳು ಚಿಲ್ಲರೆಯಲ್ಲಿ ಬೆಳೆ ಮುಗಿಯುತ್ತದೆ. ವರ್ಷಕ್ಕೆ ಐದಾರು ಬೆಳೆ ತೆಗೆಯುತ್ತಾರೆ. ಸೆಕ್ರೋಪಿಯಾ ವರ್ಷಕ್ಕೆ ಒಂದೇ ಪೀಳಿಗೆ. ಹೋದ ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಕಟ್ಟಿದ ಗೂಡು ಬರುವ ಮೇ ಕೊನೆ ಅಥವಾ ಜೂನ್‌ನಲ್ಲಿ ತೆರೆಯುತ್ತದೆ. ಎಂಟೊಂಬತ್ತು ತಿಂಗಳು ಒಳಗೇ ಇರಬೇಕು. ಜನವರಿಯಲ್ಲಿ ಅದು ಅಲ್ಲಾಡದೆ ಇರುವುದೇ ಸರಿ.

ಸತ್ತಿದೆಯಾ ಎಂದು ನೋಡಲು ಗೂಡು ಬಿಚ್ಚಬೇಕಿಲ್ಲ. ಅಂಗೈಯಲ್ಲಿಟ್ಟು ತೂಕ ನೋಡಿ. ಜೀವ ಇರುವ ಗೂಡು ಗಾತ್ರಕ್ಕೆ ಸರಿಯಾಗಿ ಭಾರ ಇರುತ್ತದೆ. ಸತ್ತು ಒಣಗಿದ್ದು ಹತ್ತಿಯಂತೆ ಹಗುರ. ನಿಧಾನಕ್ಕೆ ಒಂದೇ ಸಲ ಓರೆ ಮಾಡಿದರೆ ಜೀವಂತ ಪ್ಯೂಪಾ, ಅಂದರೆ ಗೂಡಿನೊಳಗೆ ಪತಂಗವಾಗಲು ಕಾಯುತ್ತಿರುವ ಜೀವ, ಮೆತ್ತಗೆ ಸರಿದ ಹಾಗಾಗುತ್ತದೆ. ಸತ್ತದ್ದು ಒಣ ಬೀಜದಂತೆ ಗಲಗಲ ಅನ್ನುತ್ತದೆ. ಮೈಮೇಲೆ ಸಣ್ಣ ತೂತು ಇದ್ದರೆ ಮರಕುಟಿಗ ಆಗಲೇ ಒಳಗಿನದನ್ನು ಹೀರಿ ಹೋಗಿರಬಹುದು, ಇಲ್ಲವೇ ಕಣಜವೊಂದು ಒಳಗೆ ಬೆಳೆದು ಹೊರಬಿದ್ದಿರಬಹುದು. ನಿಮ್ಮ ಫೋಟೊಗಳಲ್ಲಿ ತೂತು ಕಾಣಲಿಲ್ಲ. ಕೈಗೆ ಭಾರ ಅನ್ನಿಸಿದರೆ ಧೈರ್ಯವಾಗಿರಿ. ಮಗಳು ಪದೇ ಪದೇ ಅಲ್ಲಾಡಿಸದಂತೆ ಮಾತ್ರ ನೋಡಿಕೊಳ್ಳಿ.

ಈಗ ಮುಖ್ಯ ಪ್ರಶ್ನೆ. ಬೆಚ್ಚಗಿಟ್ಟರೆ ಒಳ್ಳೆಯದಲ್ವಾ? ಇಲ್ಲ. ಈ ಜೀವಕ್ಕೆ ಚಳಿ ಬೇಕೇ ಬೇಕು.

ನಿಮ್ಮ ಅಪ್ಪನಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು. ದ್ವಿತಳಿ, ಅಂದರೆ ವರ್ಷಕ್ಕೆ ಎರಡು ಪೀಳಿಗೆಯ ರೇಷ್ಮೆಹುಳುವಿನ ಮೊಟ್ಟೆಯನ್ನು ಬಿತ್ತನೆ ಕೇಂದ್ರದವರು ಶೈತ್ಯಾಗಾರದಲ್ಲಿ ಇಡುತ್ತಾರಲ್ಲ, ಹಾಗೆ. ಆ ಮೊಟ್ಟೆಯೊಳಗಿನ ಜೀವ ನಿದ್ದೆಗೆ ಜಾರಿರುತ್ತದೆ. ಚಳಿ ತಾಗಿ ಮುಗಿದ ಮೇಲೆಯೇ ಅದು ಸರಿಯಾಗಿ ಒಡೆಯುತ್ತದೆ. ಸೆಕ್ರೋಪಿಯಾದಲ್ಲಿ ಆ ನಿದ್ದೆ ಮೊಟ್ಟೆಯಲ್ಲಿ ಬರುವುದಿಲ್ಲ, ಪ್ಯೂಪಾದಲ್ಲಿ ಬರುತ್ತದೆ. ಅಷ್ಟೇ ವ್ಯತ್ಯಾಸ.

ಈ ನಿದ್ದೆಯ ಗುಟ್ಟನ್ನು ಬಿಡಿಸಿದ್ದು ಇದೇ ಪತಂಗದ ಮೇಲೆ. 1940ರ ದಶಕದಲ್ಲಿ ಹಾರ್ವರ್ಡ್‌ನ ಕ್ಯಾರೊಲ್ ವಿಲಿಯಮ್ಸ್ ಸೆಕ್ರೋಪಿಯಾ ಪ್ಯೂಪಾಗಳನ್ನು ಇಟ್ಟುಕೊಂಡು ಪ್ರಯೋಗ ಮಾಡಿದರು. 3ರಿಂದ 5 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ 10 ವಾರವೋ ಅದಕ್ಕಿಂತ ಜಾಸ್ತಿಯೋ ಇದ್ದ ಪ್ಯೂಪಾವನ್ನು 25 ಡಿಗ್ರಿಗೆ ತಂದರೆ ಕೆಲವೇ ವಾರಗಳಲ್ಲಿ ಪತಂಗ ಬರುತ್ತಿತ್ತು. ಚಳಿ ಕಾಣದವು ಬೆಚ್ಚಗಿನ ಕೋಣೆಯಲ್ಲಿ ತಿಂಗಳುಗಟ್ಟಲೆ ಹಾಗೇ ಬಿದ್ದಿರುತ್ತಿದ್ದವು. ಆಮೇಲೆ ಅವರು ಒಂದು ನಾಜೂಕಿನ ಕೆಲಸ ಮಾಡಿದರು. ಚಳಿ ತಾಗಿಸಿಕೊಂಡ ಪ್ಯೂಪಾದ ಮಿದುಳನ್ನು ತೆಗೆದು, ಚಳಿ ಕಾಣದ ಇನ್ನೊಂದರ ಮೈಯೊಳಗೆ ಇಟ್ಟರು. ಆ ಎರಡನೆಯದು ಎದ್ದು ಪತಂಗವಾಯಿತು. ಅಂದರೆ ಚಳಿಯ ಲೆಕ್ಕ ಇಡುವುದು ಮಿದುಳು. ಲೆಕ್ಕ ತುಂಬಿದ ಮೇಲೆ, ಬೆಚ್ಚಗಾದಾಗ, ಅದು ಹಾರ್ಮೋನಿನ ಮೂಲಕ ಉಳಿದ ಮೈಗೆ ಏಳು ಅನ್ನುತ್ತದೆ.

ನಿಮ್ಮ ಗೂಡಿನ ಅಪಾಯ ಇರುವುದು ಇಲ್ಲಿ. ನವೆಂಬರ್‌ನಿಂದ ಹೊಸ ವರ್ಷದವರೆಗೆ ಅದು ಎಂಟೊಂಬತ್ತು ವಾರ ಹೊರಗೆ ಚಳಿಯಲ್ಲೇ ಇತ್ತು. ಲೆಕ್ಕ ಬಹುಪಾಲು ತುಂಬಿದೆ. ಈಗ ಮನೆಯ ಹೀಟರ್ ಶಾಖ ತಾಗಿದರೆ ವಸಂತ ಬಂತು ಎಂದು ಒಳಗಿನ ಜೀವ ಏಳಬಹುದು. ಒಮ್ಮೆ ಎದ್ದರೆ ಸುಮಾರು ಮೂರು ವಾರದಲ್ಲಿ ಪತಂಗ ತಯಾರು. ಫೆಬ್ರುವರಿಯಲ್ಲಿ ಹೊರಗೆ ಹಿಮ, ಮರದಲ್ಲಿ ಎಲೆ ಇಲ್ಲ, ಜೊತೆಗೆ ಇನ್ನೊಂದು ಪತಂಗವಿಲ್ಲ. ನನ್ನ ಆಫೀಸಿನಲ್ಲೇ ಒಂದು ಸಲ ಹೀಗಾಗಿದೆ. ಕೆಲಸದ ಒತ್ತಡದಲ್ಲಿ ಮೇಜಿನ ಖಾನೆಯಲ್ಲಿ ಮರೆತಿದ್ದ ಗೂಡಿನಿಂದ ಚಳಿಗಾಲದ ನಡುವೆ ಹೆಣ್ಣೊಂದು ಬಂತು. ಎಂಟು ದಿನ ಬದುಕಿತು. ಪರದೆಯ ಮೇಲೆ ಫಲಿಸದ ಮೊಟ್ಟೆಗಳನ್ನು ಸಾಲಾಗಿ ಇಟ್ಟು ಸತ್ತಿತು. ಆ ಮೊಟ್ಟೆಗಳನ್ನು ಒರೆಸುವಾಗ ನನಗಾದ ಬೇಜಾರು ಇನ್ನೂ ನೆನಪಿದೆ. ನಿಮ್ಮ ಮಗಳಿಗೆ ಅದು ಆಗುವುದು ಬೇಡ.

ಚಳಿಗೆ ಸಾಯುವುದಿಲ್ಲವೇ ಎಂಬ ಅನುಮಾನ ಬಂದೇ ಬರುತ್ತದೆ. ಈ ಪ್ಯೂಪಾ ಚಳಿಗಾಲಕ್ಕೆ ಮುಂಚೆ ಮೈಯಲ್ಲಿ ಗ್ಲಿಸರಾಲ್ ತುಂಬಿಕೊಳ್ಳುತ್ತದೆ. ಮೈಯ ನೀರು ಒಂದಷ್ಟು ಹೆಪ್ಪುಗಟ್ಟಿದರೂ ತಡೆದುಕೊಂಡು ಉಳಿಯುತ್ತದೆ. ಉಸಿರಾಟ ತೀರಾ ಕಡಿಮೆ. ಹಾಗೆಂದು ಅದು ಸುಮ್ನೆ ಬಿದ್ದಿರುವ ವಸ್ತುವಲ್ಲ. ಸ್ವೀಡನ್ನಿನ ಹಾನ್ಸ್ ಬೊಮನ್ ತಂಡ ಮಲಗಿದ್ದ ಸೆಕ್ರೋಪಿಯಾ ಪ್ಯೂಪಾಗಳಿಗೆ ಬ್ಯಾಕ್ಟೀರಿಯಾ ಚುಚ್ಚಿ ನೋಡಿತು. ಆ ಗಾಢ ನಿದ್ದೆಯಲ್ಲೂ ಅವು ಬ್ಯಾಕ್ಟೀರಿಯಾ ಕೊಲ್ಲುವ ಪ್ರೋಟೀನುಗಳನ್ನು ತಯಾರಿಸಿದವು. 1981ರಲ್ಲಿ ಅವುಗಳ ರಚನೆ ಪ್ರಕಟವಾಯಿತು. ಪತಂಗದ ಹೆಸರೇ ಹಿಡಿದು ಅವನ್ನು ಸೆಕ್ರೋಪಿನ್ ಎಂದು ಕರೆದರು. ನಿಮ್ಮ ಕಪಾಟಿನ ಮೇಲಿದ್ದದ್ದು ಅಂಥ ಜೀವ.

ಎಲ್ಲಿ ಇಡಬೇಕು ಅಂದರೆ, ನನ್ನ ಮೊದಲ ಆಯ್ಕೆ ಹೊರಗೆ, ನೆರಳಿನಲ್ಲಿ, ಗಟ್ಟಿ ತಂತಿಬಲೆಯ ಪಂಜರದೊಳಗೆ. ಬಲೆಯ ಕಣ್ಣು ಕಾಲು ಇಂಚು ಮೀರಬಾರದು. ಅಳಿಲು, ಇಲಿ, ಮರಕುಟಿಗ ಮೂರಕ್ಕೂ ಇದು ಚಳಿಗಾಲದ ಊಟ. ನೆಲದ ಹತ್ತಿರ ಇರುವ ಗೂಡಿಗೆ ಇಲಿ ಕಾಟ, ಮೇಲಿನದಕ್ಕೆ ಹಕ್ಕಿ ಕಾಟ. ಪಂಜರ ಬಲೆಯದೇ ಆಗಿದ್ದರೆ ಮಳೆ, ಹಿಮ ತಾಗುತ್ತದೆ, ಗೂಡು ಒಣಗುವುದಿಲ್ಲ. ಬಿಸಿಲು ನೇರವಾಗಿ ಬೀಳುವ ಕಡೆ ಬೇಡ. ಫೆಬ್ರುವರಿಯ ಬಿಸಿಲಿಗೂ ಡಬ್ಬಿಯೊಳಗೆ ಬಿಸಿ ಏರುತ್ತದೆ.

ಎರಡನೆಯದು ಹೀಟರ್ ಇಲ್ಲದ ಗ್ಯಾರೇಜ್. ಸುಲಭ, ಆದರೆ ಇಲಿ ಇರುತ್ತದೆ, ಗಾಳಿ ಒಣ. ತಂತಿಬಲೆ ಅಲ್ಲೂ ಬೇಕು. ವಾರಕ್ಕೊಮ್ಮೆ ಗೂಡಿಗೆ ನೀರು ಚಿಮುಕಿಸಿ. ಏಪ್ರಿಲ್ ಬರುತ್ತಿದ್ದಂತೆ ಹೊರಗೆ ತನ್ನಿ.

ಫ್ರಿಜ್‌ನಲ್ಲಿ ಇಡುವವರೂ ಇದ್ದಾರೆ. ಪ್ರಯೋಗಾಲಯದಲ್ಲಿ ನಾವೂ ಇಟ್ಟಿದ್ದೇವೆ. ಇಟ್ಟರೆ ಗಾಳಿಯಾಡುವ ಡಬ್ಬಿ, ಜೊತೆಗೆ ಸ್ವಲ್ಪ ಒದ್ದೆ ಟಿಶ್ಯೂ. ಈಗಿನ ಫ್ರಿಜ್‌ಗಳು ಒಳಗಿನ ತೇವ ಎಳೆದುಬಿಡುತ್ತವೆ. ತಿಂಗಳುಗಟ್ಟಲೆ ಇಟ್ಟರೆ ಪ್ಯೂಪಾ ಒಣಗಿ ಸಾಯುತ್ತದೆ. ಟಿಶ್ಯೂ ತೀರಾ ಒದ್ದೆಯಾದರೆ ಬೂಷ್ಟು ಹಿಡಿಯುತ್ತದೆ. ಹಿತ್ತಿಲು ಇರುವ ನಿಮಗೆ ಇದರ ಅಗತ್ಯವೇ ಇಲ್ಲ.

ನಾಲ್ಕನೆಯದು, ಏನೂ ಮಾಡದೆ ಕೊಂಬೆಯನ್ನು ಮತ್ತೆ ಮರಕ್ಕೆ ಕಟ್ಟುವುದು. ಅದೂ ತಪ್ಪಲ್ಲ. ಹಕ್ಕಿ ತಿಂದರೆ ತಿನ್ನಲಿ, ಅದು ಅಲ್ಲಿನ ಕಾಡಿನ ಲೆಕ್ಕ. ಆದರೆ ಎಂಟು ವರ್ಷದ ಮಗು ದಿನಾ ಹೋಗಿ ನೋಡುತ್ತಾಳೆ ಅಂದಮೇಲೆ ಪಂಜರ ಮಾಡಿ ಎಂದೇ ಹೇಳುತ್ತೇನೆ.

ಒಂದು ವೇಳೆ ಎರಡು ವಾರದ ಶಾಖಕ್ಕೆ ಅದು ಆಗಲೇ ಎದ್ದಿದ್ದರೆ? ಹೊರಗಿನಿಂದ ತಿಳಿಯುವ ದಾರಿ ಇಲ್ಲ. ಬೆಳವಣಿಗೆ ಶುರುವಾದ ಮೇಲೆ ಮತ್ತೆ ಚಳಿಗೆ ಹಾಕಿದರೆ ಕೆಲವು ಸಾಯುತ್ತವೆ. ಎರಡು ವಾರದಲ್ಲಿ ಬಹಳ ಮುಂದುವರಿದಿರುವ ಸಾಧ್ಯತೆ ಕಡಿಮೆ. ಒಳಗೇ ಬಿಟ್ಟರೆ ಫೆಬ್ರುವರಿಯಲ್ಲಿ ಹೊರಬಂದು ವ್ಯರ್ಥವಾಗುವ ಅಪಾಯ ಅದಕ್ಕಿಂತ ಜಾಸ್ತಿ. ಎರಡನ್ನೂ ತೂಗಿ ನೋಡಿದರೆ ಚಳಿಗೆ ಕಳಿಸುವುದೇ ಸರಿ.

ಕತ್ತರಿಸಿ ಸಹಾಯ ಮಾಡುವ ಯೋಚನೆಯನ್ನೂ ಬಿಡಿ. ನಮ್ಮ ರೇಷ್ಮೆಚಿಟ್ಟೆ ಹೊರಬರುವಾಗ ಗೂಡಿನ ತುದಿಯನ್ನು ದ್ರವದಿಂದ ನೆನೆಸಿ ಮೆತ್ತಗೆ ಮಾಡಿ ತಳ್ಳಿಕೊಂಡು ಬರುತ್ತದೆ. ಒಡೆದ ಗೂಡಿನ ಒಂದು ತುದಿ ಕಲೆಯಾಗಿರುವುದನ್ನು ನೀವು ನೋಡಿರುತ್ತೀರಿ. ಸೆಕ್ರೋಪಿಯಾ ಹುಳು ಆ ಬಾಗಿಲನ್ನು ಗೂಡು ಕಟ್ಟುವಾಗಲೇ ಮಾಡಿ ಇಟ್ಟಿರುತ್ತದೆ. ಗೂಡು ಎರಡು ಪದರ. ಹೊರಗೊಂದು ಗಟ್ಟಿ ಕಾಗದದಂಥ ಹೊದಿಕೆ, ನಡುವೆ ಸಡಿಲ ನಾರು, ಒಳಗೆ ಇನ್ನೊಂದು ಗಟ್ಟಿ ಚೀಲ. ಎರಡೂ ಪದರದಲ್ಲಿ ಒಂದೇ ಕಡೆಯ ತುದಿಯಲ್ಲಿ ಎಳೆಗಳನ್ನು ಹೆಣೆಯದೆ, ಚೀಲದ ಬಾಯಿ ಒಟ್ಟುಗೂಡಿಸಿದ ಹಾಗೆ ಬಿಟ್ಟಿರುತ್ತದೆ. ಒಳಗಿನಿಂದ ತಳ್ಳಿದರೆ ತೆರೆಯುತ್ತದೆ, ಹೊರಗಿನಿಂದ ತಳ್ಳಿದರೆ ಬಿಗಿಯಾಗುತ್ತದೆ. ಹುಳು ಪ್ಯೂಪಾ ಆಗುವ ಮುಂಚೆ ತಲೆಯನ್ನು ಆ ಬಾಗಿಲ ಕಡೆಗೇ ಇಟ್ಟುಕೊಂಡು ಮಲಗುತ್ತದೆ. ಇಷ್ಟೆಲ್ಲ ಮಾಡಿಟ್ಟ ಮನೆಗೆ ನಾವು ಕತ್ತರಿ ಹಾಕಿದರೆ ತೇವ ಹೋಗುತ್ತದೆ, ಇರುವೆ ಒಳಗೆ ಹೋಗುತ್ತದೆ.

ಪಕ್ಕದ ಮನೆಯವರ ಭಯಕ್ಕೆ ಕಾರಣ ಇದೆ. ನ್ಯೂಜೆರ್ಸಿಯಲ್ಲಿ ಮರ ಬೋಳಿಸುವ ಹುಳು ನಿಜಕ್ಕೂ ಇದೆ. ಅದರ ಹೆಸರು ಸ್ಪಾಂಜಿ ಮಾತ್, ಹಳೆಯ ಹೆಸರು ಜಿಪ್ಸಿ ಮಾತ್. ಅದರ ಹುಳುವಿನ ಕೂದಲು ತಾಗಿದರೆ ಚರ್ಮಕ್ಕೆ ತುರಿಕೆ ಬರುತ್ತದೆ. ಚಳಿಗಾಲದಲ್ಲಿ ಅದು ಇರುವುದು ಮೊಟ್ಟೆಯಾಗಿ. ಮರದ ತೊಗಟೆಯ ಮೇಲೆ ಕಂದುಹಳದಿ ಉಣ್ಣೆಬಟ್ಟೆ ತುಂಡು ಅಂಟಿಸಿದ ಹಾಗೆ ಕಾಣುತ್ತದೆ. ನಿಮ್ಮದು ಅದಲ್ಲ. ಸೆಕ್ರೋಪಿಯಾ ಹುಳು ಮೇಪಲ್, ಬರ್ಚ್, ಚೆರ್ರಿ, ಸೇಬು, ಲೈಲಾಕ್ ಎಲೆ ತಿನ್ನುತ್ತದೆ ನಿಜ. ಆದರೆ ತಾಯಿ ಒಂದು ಕಡೆ ಎರಡು ಮೂರು, ಇನ್ನೊಂದು ಕಡೆ ನಾಲ್ಕು, ಹೀಗೆ ಮೊಟ್ಟೆ ಹಂಚಿಕೊಂಡು ಹೋಗುತ್ತದೆ. ಬೆಳೆದ ಮೇಪಲ್ ಮರದಲ್ಲಿ ನಾಲ್ಕು ಹುಳು ಮೇಯ್ದರೆ ಕೆಳಗೆ ನಿಂತವರಿಗೆ ಗೊತ್ತೂ ಆಗುವುದಿಲ್ಲ.

ಈ ಹುಳುವನ್ನು ಮಗಳು ನೋಡಲೇಬೇಕು. ಮೊಟ್ಟೆಯಿಂದ ಬಂದಾಗ ಇರುವೆಯಷ್ಟು ಪುಟ್ಟದು, ಪೂರ್ತಿ ಕಪ್ಪು. ಒಂದು ಜ್ವರ ಕಳೆದರೆ ಹಳದಿಗೆ ತಿರುಗುತ್ತದೆ, ಮೈಮೇಲಿನ ಗುಬುಟುಗಳು ಮಾತ್ರ ಕಪ್ಪು. ಆಮೇಲೆ ಹಸಿರು. ನಾಲ್ಕನೇ ಜ್ವರ ದಾಟಿದ ಮೇಲೆ ಗಿಣಿಹಸಿರಿಗೆ ಸ್ವಲ್ಪ ನೀಲಿ ಬೆರೆಸಿದ ಬಣ್ಣ. ಕತ್ತಿನ ಹಿಂದೆ ಎರಡು ಜೊತೆ ಕೆಂಪು ಚೆಂಡು, ಬೆನ್ನುದ್ದಕ್ಕೂ ಹಳದಿ ಚೆಂಡಿನ ಎರಡು ಸಾಲು, ಪಕ್ಕಗಳಲ್ಲಿ ನೀಲಿ ಗುಬುಟು. ಪ್ರತಿ ಚೆಂಡಿನ ಮೇಲೂ ಸಣ್ಣ ಕಪ್ಪು ಮುಳ್ಳು. ಉದ್ದ ನಾಲ್ಕು ಇಂಚು ದಾಟುತ್ತದೆ. ನೋಡಿದರೆ ವಿಷದ ಹುಳು ಅನ್ನಿಸುತ್ತದೆ, ಮುಟ್ಟಿದರೆ ಏನೂ ಆಗುವುದಿಲ್ಲ. ಆ ಮುಳ್ಳು ಚುಚ್ಚಿ ಉರಿಸುವಂಥದ್ದಲ್ಲ. ಇದೇ ಕುಟುಂಬದ ಐಯೋ ಪತಂಗದ ಹಸಿರು ಹುಳು ಮಾತ್ರ ಚೆನ್ನಾಗಿ ಉರಿಸುತ್ತದೆ. ಅದಕ್ಕೆ ಪಕ್ಕದಲ್ಲಿ ಕೆಂಪು ಬಿಳಿ ಗೆರೆ ಇರುತ್ತದೆ, ಮೈತುಂಬ ಮುಳ್ಳಿನ ಗೊಂಚಲು. ಗುರುತು ಹತ್ತದ ಹುಳುವನ್ನು ಮುಟ್ಟಬಾರದು ಎಂದು ಮಗಳಿಗೆ ಹೇಳಿಕೊಡಿ.

ರೆಕ್ಕೆಯ ಪುಡಿಗೆ ಕಣ್ಣು ಹೋಗುತ್ತದೆ ಎಂದು ನನ್ನ ಅಜ್ಜಿಯೂ ಹೇಳುತ್ತಿದ್ದರು. ಅದು ಪುಡಿಯಲ್ಲ, ಮೀನಿನ ಹುರುಪೆಯಂಥ ಸಣ್ಣ ಸಣ್ಣ ಹುರುಪೆ. ಅದರಲ್ಲಿ ವಿಷವಿಲ್ಲ. ಕಣ್ಣಿಗೆ ಬಿದ್ದರೆ ಧೂಳು ಬಿದ್ದ ಹಾಗೆ ಕಿರಿಕಿರಿ ಆಗುತ್ತದೆ, ನೀರಿನಲ್ಲಿ ತೊಳೆದರೆ ಮುಗಿಯಿತು. ಮುಟ್ಟಿದ ಮೇಲೆ ಕೈ ತೊಳೆಯಲಿ. ತೊಂದರೆ ಆಗುವುದು ಪತಂಗಕ್ಕೆ. ರೆಕ್ಕೆ ಹಿಡಿದರೆ ಹುರುಪೆ ಉದುರುತ್ತದೆ, ಮತ್ತೆ ಬೆಳೆಯುವುದಿಲ್ಲ. ಬೆರಳನ್ನು ಅದರ ಮುಂದೆ ಇಟ್ಟರೆ ತಾನೇ ಹತ್ತಿಕೊಳ್ಳುತ್ತದೆ. ಬಟ್ಟೆ ತಿನ್ನುವ ನುಸಿಗೂ ಇದಕ್ಕೂ ಸಂಬಂಧವೇ ಇಲ್ಲ. ಸೆಕ್ರೋಪಿಯಾ ಪತಂಗಕ್ಕೆ ತಿನ್ನುವ ಬಾಯಿಯೇ ಇಲ್ಲ. ಹುಳುವಾಗಿದ್ದಾಗ ತಿಂದ ಎಲೆಯ ಕೊಬ್ಬಿನಲ್ಲೇ ಒಂದೆರಡು ವಾರ ಬದುಕಿ ಮುಗಿಸುತ್ತದೆ. ಸಕ್ಕರೆ ನೀರು, ಹಣ್ಣು ಇಡಬೇಡಿ.

ಇನ್ನು ಅಪ್ಪನ ಎರಡು ಪ್ರಶ್ನೆ. ನೂಲಿನದು ಮೊದಲು ಹೇಳಿಬಿಡುತ್ತೇನೆ. ಬರುತ್ತದೆ, ಆದರೆ ರೀಲಿಂಗ್ ಮಾಡುವಂತಿಲ್ಲ. ಹಿಪ್ಪುನೇರಳೆ ಗೂಡಿನಂತೆ ಇದರಲ್ಲಿ ತುದಿಯಿಂದ ತುದಿಗೆ ಒಂದೇ ಎಳೆ ಬಿಚ್ಚಿಕೊಂಡು ಬರುವುದಿಲ್ಲ. ಅಂಟು ಗಟ್ಟಿ, ತುದಿ ತೆರೆದದ್ದು. ಈರಿ ರೇಷ್ಮೆಯ ಗೂಡಿನ ಹಾಗೆ ಕುದಿಸಿ, ಹಿಂಜಿ, ಹತ್ತಿಯಂತೆ ನೂಲಬೇಕು. ಚಿಟ್ಟೆ ಬಿಟ್ಟುಹೋದ ಖಾಲಿ ಗೂಡಿನಿಂದಲೂ ಅದು ಆಗುತ್ತದೆ, ಅಪ್ಪನಿಗೆ ಹಾಗೊಂದು ಖಾಲಿ ಗೂಡು ತೋರಿಸಬಹುದು. ಅಮೆರಿಕದಲ್ಲಿ ಇದನ್ನು ರೇಷ್ಮೆಗೆ ಬಳಸಲು ಹಿಂದೆ ಪ್ರಯತ್ನ ನಡೆದದ್ದುಂಟು, ಉದ್ಯಮ ಆಗಲಿಲ್ಲ.

ಮೊಟ್ಟೆ ಊರಿಗೆ ತರುವ ಮಾತಿಗೆ ಮಾತ್ರ ನನ್ನದು ಖಡಾಖಂಡಿತ ಬೇಡ. ಇದರಲ್ಲಿ ನಾನು ಮೆತ್ತಗಾಗುವುದಿಲ್ಲ. ಯಾಕೆಂದರೆ ಇದೇ ಆಸೆಯಿಂದ ಏನಾಯಿತು ಎಂದು ಸೆಕ್ರೋಪಿಯಾದ ಕಥೆಯಲ್ಲೇ ಇದೆ.

1860ರ ದಶಕದಲ್ಲಿ ಮ್ಯಾಸಚುಸೆಟ್ಸ್‌ನ ಮೆಡ್‌ಫರ್ಡ್‌ನಲ್ಲಿ ಎಟಿಯೆನ್ ಲಿಯೊಪೋಲ್ಡ್ ಟ್ರೂವೆಲೊ ಎಂಬ ಫ್ರೆಂಚ್ ಮನುಷ್ಯ ಇದ್ದ. ಒಳ್ಳೆಯ ಚಿತ್ರಕಾರ, ಮುಂದೆ ಆಕಾಶದ ಚಿತ್ರಗಳಿಂದ ಹೆಸರಾದ. ಅವನಿಗೆ ಅಮೆರಿಕದ ಕಾಡು ಪತಂಗದಿಂದ ರೇಷ್ಮೆ ತೆಗೆಯುವ ಆಸೆ. ಪಾಲಿಫೀಮಸ್ ಹುಳುಗಳನ್ನು ದೊಡ್ಡ ಸಂಖ್ಯೆಯಲ್ಲಿ ಸಾಕುತ್ತಿದ್ದ. ಆ ದಶಕದ ಕೊನೆಗೆ ಯುರೋಪಿನಿಂದ ಸ್ಪಾಂಜಿ ಮಾತ್‌ನ ಮೊಟ್ಟೆ ತಂದ. ಒಂದಷ್ಟು ಹುಳು ತಪ್ಪಿಸಿಕೊಂಡವು. ಇಪ್ಪತ್ತು ವರ್ಷದಲ್ಲಿ ಮೆಡ್‌ಫರ್ಡ್‌ನ ಬೀದಿಗಳ ಮರಗಳು ಬೇಸಿಗೆಯಲ್ಲೇ ಬೋಳಾದವು. ಅದನ್ನು ತಡೆಯಲು 1906ರಲ್ಲಿ ಯುರೋಪಿನಿಂದ ಒಂದು ನೊಣವನ್ನು ತಂದು ಬಿಟ್ಟರು. ಹೆಸರು ಕಾಂಪ್ಸಿಲ್ಯೂರಾ ಕಾನ್ಸಿನೇಟಾ.

ಅಪ್ಪನಿಗೆ ಆ ನೊಣ ಎಂಥದ್ದು ಎಂದು ವಿವರಿಸಬೇಕಿಲ್ಲ. ರೇಷ್ಮೆಹುಳುವಿನ ಮೈಯಲ್ಲಿ ಬೆಳೆದು ಅದನ್ನು ಕೊಲ್ಲುವ ಊಜಿ ನೊಣದ ಬಳಗದ್ದೇ ಅದು. 1980ರಲ್ಲಿ ಊಜಿ ಕರ್ನಾಟಕಕ್ಕೆ ಹೊರಗಿನಿಂದ ಬಂದ ಮೇಲೆ ಹುಳುಮನೆಗಳ ಕಿಟಕಿಗೆಲ್ಲ ಬಲೆ ಬಂತಲ್ಲ, ಅವರಿಗೆ ಆ ದಿನಗಳು ನೆನಪಿರುತ್ತವೆ. ಊಜಿ ಹುಳುವಿನ ಚರ್ಮದ ಮೇಲೆ ಬಿಳಿ ಮೊಟ್ಟೆ ಇಡುತ್ತದೆ. ಕಾಂಪ್ಸಿಲ್ಯೂರಾ ಇನ್ನೂ ಒಂದು ಹೆಜ್ಜೆ ಮುಂದೆ. ಚರ್ಮ ಚುಚ್ಚಿ ಜೀವಂತ ಮರಿಯನ್ನೇ ಒಳಗೆ ಬಿಡುತ್ತದೆ. ತೊಂದರೆ ಎಲ್ಲಿ ಬಂತು ಅಂದರೆ, ಸ್ಪಾಂಜಿ ಮಾತ್‌ಗೆ ವರ್ಷಕ್ಕೆ ಒಂದೇ ಪೀಳಿಗೆ, ನೊಣಕ್ಕೆ ಮೂರು ನಾಲ್ಕು. ಸ್ಪಾಂಜಿ ಮಾತ್ ಹುಳು ಮುಗಿದ ಮೇಲೆ ಉಳಿದ ಬೇಸಿಗೆಗೆ ನೊಣಕ್ಕೆ ಬೇರೆ ಹುಳು ಬೇಕು. ಆಗ ಮರದ ಮೇಲೆ ಸಿಗುವುದು ಸೆಕ್ರೋಪಿಯಾ, ಅದರ ಬಂಧು ಪ್ರೊಮೀಥಿಯಾ ಪತಂಗ, ಇಂಥವುಗಳ ಹುಳು. ಈ ನೊಣ 180ಕ್ಕೂ ಹೆಚ್ಚು ಬಗೆಯ ಹುಳುಗಳ ಮೇಲೆ ಬದುಕಬಲ್ಲದು. ಮ್ಯಾಸಚುಸೆಟ್ಸ್‌ನಲ್ಲಿ ಸಂಶೋಧಕರು 500 ಸೆಕ್ರೋಪಿಯಾ ಹುಳುಗಳನ್ನು ಮರಗಳ ಮೇಲೆ ಬಿಟ್ಟು ನೋಡಿದರು. ಕೊನೆಯ ಹಂತ ದಾಟಿ ಗೂಡಿನವರೆಗೆ ಒಂದೂ ಉಳಿಯಲಿಲ್ಲ. ಮೊದಲ ಮೂರು ಹಂತಗಳಲ್ಲಿ ಸತ್ತವುಗಳಲ್ಲಿ 81 ಶೇಕಡಾ ಸಾವಿಗೆ ಈ ನೊಣವೇ ಕಾರಣ ಎಂದು 2000ದಲ್ಲಿ ಪ್ರಕಟಿಸಿದರು. ಆ ವರದಿಯನ್ನು ಮೊದಲ ಸಲ ಓದಿದ ದಿನ ನಾನು ಬೇರೆ ಕೆಲಸ ಮಾಡಲಾಗಲಿಲ್ಲ. ಒಬ್ಬನ ರೇಷ್ಮೆಯ ಆಸೆ, ಅದನ್ನು ಸರಿಪಡಿಸಲು ಹೋದ ಇನ್ನೊಂದು ತಪ್ಪು, ಎರಡೂ ಸೇರಿ ಏನೂ ಮಾಡದ ಈ ಪತಂಗದ ತಲೆಗೆ ಬಂತು. ಈಶಾನ್ಯ ಅಮೆರಿಕದಲ್ಲಿ ದೊಡ್ಡ ಪತಂಗಗಳು ಕಡಿಮೆಯಾಗಲು ಇದೊಂದು ದೊಡ್ಡ ಕಾರಣ. ಬೀದಿ ದೀಪ, ಕೀಟನಾಶಕ, ಕಡಿದುಹೋದ ಕಾಡು ಉಳಿದವು.

ಮೊಟ್ಟೆಯ ಜೊತೆ ರೋಗವೂ ಬರುತ್ತದೆ. ರೇಷ್ಮೆಹುಳುವಿಗೆ ಬರುವ ಗಂಟುರೋಗ ತಾಯಿಯಿಂದ ಮೊಟ್ಟೆಗೆ ದಾಟುತ್ತದೆ ಎಂದು ಅಪ್ಪನಿಗೆ ಗೊತ್ತು. ಬಿತ್ತನೆ ಕೇಂದ್ರದಲ್ಲಿ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಅದಕ್ಕೇ. ಕಾನೂನೂ ಬಿಡುವುದಿಲ್ಲ. ಜೀವಂತ ಕೀಟವನ್ನು ಅನುಮತಿ ಇಲ್ಲದೆ ಭಾರತಕ್ಕೆ ತರುವಂತಿಲ್ಲ, 2003ರ ಸಸ್ಯ ಕ್ವಾರಂಟೈನ್ ಆದೇಶದ ಅಡಿ ಅದು ನಿಷಿದ್ಧ. ಅಮೆರಿಕದೊಳಗೇ ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಲು ಅಲ್ಲಿನ ಕೃಷಿ ಇಲಾಖೆಯ ಪರವಾನಗಿ ಬೇಕು. ಜೊತೆಗೆ ಶಿಡ್ಲಘಟ್ಟದಲ್ಲಿ ಹತ್ತು ವಾರದ ಆ ಚಳಿ ಎಲ್ಲಿದೆ? ಅಪ್ಪನಿಗೆ ದೊಡ್ಡ ಪತಂಗ ನೋಡುವ ಆಸೆ ಇದ್ದರೆ ಮಳೆಗಾಲದಲ್ಲಿ ಮಲೆನಾಡಿನ ಕಡೆ ಹೋಗಲಿ. ಪಶ್ಚಿಮ ಘಟ್ಟದಲ್ಲಿ ಅಟ್ಲಾಸ್ ಪತಂಗ ಇದೆ, ತಿಳಿಹಸಿರು ಬಾಲದ ಚಂದ್ರ ಪತಂಗ ಇದೆ. ಎರಡೂ ಸೆಕ್ರೋಪಿಯಾದ ಕುಟುಂಬದವೇ. ಅಟ್ಲಾಸ್ ಇದಕ್ಕಿಂತಲೂ ದೊಡ್ಡದು.

ಮೇ ತಿಂಗಳಿಗೆ ಪಂಜರದ ಒಳಗೆ ಒಂದು ಒರಟು ಕಡ್ಡಿ ಓರೆಯಾಗಿ ನಿಲ್ಲಿಸಿ. ಇದನ್ನು ಮರೆಯಬೇಡಿ. ಪತಂಗ ಸಾಮಾನ್ಯವಾಗಿ ಬೆಳಗಿನ ಹೊತ್ತು ಬರುತ್ತದೆ. ಗೂಡಿನೊಳಗೆ ಕಾಗದ ಕೆರೆದಂಥ ಸದ್ದು ಕೇಳುತ್ತದೆ. ತುದಿಯ ಎಳೆಗಳು ಬಿರಿದು ಮೊದಲು ತಲೆ, ಆಮೇಲೆ ಕೆಂಪು ಕಾಲುಗಳು. ಹೊರಬಂದಾಗ ಮೈ ಒದ್ದೆ, ಹೊಟ್ಟೆ ದಪ್ಪ, ರೆಕ್ಕೆ ಹಿಂಡಿದ ಬಟ್ಟೆಯ ತುಂಡಿನಂತೆ ಮುದುಡಿರುತ್ತದೆ. ಅದು ಹತ್ತಿ ತಲೆ ಮೇಲಾಗಿ ನೇತುಹಾಕಿಕೊಳ್ಳಬೇಕು. ಆಗಲೇ ಹೊಟ್ಟೆಯ ದ್ರವ ರೆಕ್ಕೆಯ ನರಗಳಿಗೆ ಇಳಿದು ರೆಕ್ಕೆ ಬಿಚ್ಚುವುದು. ನುಣುಪಾದ ಗಾಜಿನ ಡಬ್ಬಿಯಲ್ಲಿ ಜಾರಿ ಬಿದ್ದರೆ ರೆಕ್ಕೆ ಮುದುಡಿದ ಹಾಗೇ ಒಣಗಿ ಗಟ್ಟಿಯಾಗುತ್ತದೆ. ಸಹಾಯ ಮಾಡಲು ಹೋದ ಮಕ್ಕಳ ಡಬ್ಬಿಗಳಲ್ಲಿ ಜಾಸ್ತಿ ಆಗುವ ಅನಾಹುತ ಇದೇ.

ರೆಕ್ಕೆ ಪೂರ್ತಿ ಬಿಚ್ಚಿದಾಗ ಐದಾರು ಇಂಚು ಅಗಲ. ಬೂದುಗಂದು ಬಣ್ಣದ ಮೇಲೆ ಇಬ್ಬನಿ ಕೂತ ಹಾಗೆ ಬಿಳಿ. ನಾಲ್ಕೂ ರೆಕ್ಕೆಯಲ್ಲಿ ಒಂದೊಂದು ಅರ್ಧಚಂದ್ರ, ನಡುವೆ ಬಿಳಿ, ಅಂಚಿಗೆ ಕೆಂಪು. ಹೊರಗಡೆ ಬಿಳಿ ಪಟ್ಟಿ, ಅದಕ್ಕೆ ಒತ್ತಿಕೊಂಡು ಇಟ್ಟಿಗೆ ಕೆಂಪಿನ ಪಟ್ಟಿ. ಮುಂದಿನ ರೆಕ್ಕೆಯ ತುದಿಯಲ್ಲಿ ಕಪ್ಪು ಕಣ್ಣಿನಂಥ ಚುಕ್ಕೆ. ಮೈ ಕೆಂಪು, ಕತ್ತಿಗೆ ಬಿಳಿ ಪಟ್ಟಿ ಕಟ್ಟಿದ ಹಾಗೆ, ಹೊಟ್ಟೆಯ ಮೇಲೆ ಕೆಂಪು ಬಿಳಿ ಅಡ್ಡಗೆರೆ. ಮೀಸೆ ಅಗಲವಾಗಿ ಹಕ್ಕಿಗರಿಯಂತಿದ್ದರೆ ಗಂಡು. ಕಿರಿದಾಗಿದ್ದು ಹೊಟ್ಟೆ ಭಾರವಾಗಿದ್ದರೆ ಹೆಣ್ಣು.

ಗಂಡಾದರೆ ಸಂಜೆ ಪಂಜರ ತೆರೆದುಬಿಡಿ. ಆ ರಾತ್ರಿ ಹಿತ್ತಿಲಿನ ದೀಪ ಆರಿಸಿರಲಿ. ಜೂನ್ ಕಳೆದರೂ ಬರಲಿಲ್ಲ ಎಂದು ಬಿಸಾಡಬೇಡಿ. ಈ ಪತಂಗಗಳಲ್ಲಿ ಕೆಲವು ಮೊದಲೇ ಬರುತ್ತವೆ, ಇನ್ನು ಕೆಲವು ವಾರಗಟ್ಟಲೆ ತಡವಾಗಿ ಬರುತ್ತವೆ. ಜುಲೈ ಮುಗಿಯುವವರೆಗೆ ಕಾಯಿರಿ.

ಹೆಣ್ಣಾದರೆ ಒಂದು ರಾತ್ರಿ ಪಂಜರದಲ್ಲೇ ಇಟ್ಟು ಮರದ ಕೆಳಗೆ ತೂಗುಹಾಕಿ. ಬೆಳಗಿನ ಜಾವ ಅದು ಹೊಟ್ಟೆಯ ತುದಿಯಿಂದ ವಾಸನೆ ಬಿಡುತ್ತದೆ. ನಮ್ಮ ಮೂಗಿಗೆ ಹತ್ತುವುದಿಲ್ಲ, ಗಂಡುಗಳು ಮೈಲಿ ದೂರದಿಂದಲೂ ಹಿಡಿಯುತ್ತವೆ. ಸುತ್ತಮುತ್ತ ಇನ್ನೂ ಸೆಕ್ರೋಪಿಯಾ ಉಳಿದಿದ್ದರೆ ಮೂರು ನಾಲ್ಕು ಗಂಟೆಯ ಹೊತ್ತಿಗೆ ಒಂದೆರಡು ಬಂದು ಬಲೆಯ ಸುತ್ತ ಬಡಿದಾಡುತ್ತವೆ. ಮಗಳನ್ನು ಎಬ್ಬಿಸಿ, ಟಾರ್ಚ್ ಹಾಕದೆ ಕೂತು ನೋಡಿ. ಗಂಡು ಬಂದದ್ದು ಕಂಡರೆ ಪಂಜರದ ಬಾಗಿಲು ತೆಗೆಯಿರಿ. ಜೋಡಿ ಸಂಜೆಯವರೆಗೂ ಹಾಗೇ ಕೂತಿರುತ್ತದೆ, ಹಗಲಿಡೀ ಅಲ್ಲಾಡದು. ಕತ್ತಲಾದ ಮೇಲೆ ಹೆಣ್ಣು ನಿಮ್ಮ ಮೇಪಲ್ ಮರಕ್ಕೇ ಏರಿ ಮೊಟ್ಟೆ ಇಡಲು ಶುರುಮಾಡಬಹುದು. ಹತ್ತು ಹದಿನಾಲ್ಕು ದಿನಕ್ಕೆ ಮರಿ. ಎರಡು ಮೂರನ್ನು ಮಗಳು ಸಾಕುತ್ತೇನೆ ಅಂದರೆ, ಎಲೆ ಇರುವ ಕೊಂಬೆಯ ಮೇಲೇ ತೆಳು ಬಲೆಯ ಚೀಲ ತೊಡಿಸಿ ಎರಡೂ ಕಡೆ ಬಿಗಿಯಾಗಿ ಕಟ್ಟಿ. ನೊಣ ಒಳಗೆ ಬರದಷ್ಟು ಬಿಗಿ ಇರಬೇಕು. ಊಜಿಗೆ ಬಲೆ ಕಟ್ಟಿದ ಕೈ ಅಪ್ಪನದು, ಆ ಗಂಟು ಹಾಕುವುದನ್ನು ವಿಡಿಯೊ ಕಾಲ್‌ನಲ್ಲಿ ಮೊಮ್ಮಗಳಿಗೆ ಅವರೇ ತೋರಿಸಲಿ.